ಬಿಸಿಯಾದ ಗಾಳಿಗೆ ಜಾಗ ಇದೆಯಾ? ಬಾಟಲಿ, ಟೈರು, ಸಿಲಿಂಡರ್ ಹಿಡಿದು ಕಲಿಯುವ ದಾರಿ

ದಾವಣಗೆರೆಯಲ್ಲಿ ಏಪ್ರಿಲ್ ಬಂತು ಅಂದ್ರೆ ಮಧ್ಯಾಹ್ನ ರಸ್ತೆಗೆ ಕಾಲಿಡುವ ಹಾಗಿರುವುದಿಲ್ಲ. ಆ ಬಿಸಿಲಲ್ಲಿ ನಿಂತ ಬೈಕಿನ ಟೈರು, ಬಿಸಿಲು ಬೀಳುವ ಗೋಡೆಗೆ ಒರಗಿಸಿದ ಸಿಲಿಂಡರ್, ಕಾರಿನೊಳಗೆ ಮರೆತು ಬಿಟ್ಟ ಸ್ಪ್ರೇ ಡಬ್ಬಿ, ಮೂರರ ಒಳಗೂ ಗಾಳಿಯೋ ಗ್ಯಾಸೋ ಇದೆ. ಮೂರೂ ಬಿಸಿಯಾಗುತ್ತಿವೆ. ಒಳಗೆ ಏನು ನಡೆಯುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಮನೆಗೆ ಪಾಠಕ್ಕೆ ಬರುವ ಹೈಸ್ಕೂಲ್ ಮಕ್ಕಳಿಗೆ ನಾನು ಸೂತ್ರ ಹೇಳುವ ಮೊದಲು ಒಂದೇ ಒಂದು ಪ್ರಶ್ನೆ ಕಲಿಸುತ್ತೇನೆ: ಬಿಸಿಯಾದ ಗಾಳಿಗೆ ಜಾಗ ಇದೆಯಾ, ಇಲ್ವಾ? ಜಾಗ ಇದ್ದರೆ ಅದು ಹಿಗ್ಗುತ್ತದೆ. ಜಾಗ ಇಲ್ಲದಿದ್ದರೆ ತನ್ನನ್ನು ಹಿಡಿದಿಟ್ಟ ಗೋಡೆಯನ್ನು ಜೋರಾಗಿ ಒತ್ತುತ್ತದೆ. ಈ ಲೇಖನದ ಎಲ್ಲ ಹೆಜ್ಜೆಗಳೂ ಈ ಪ್ರಶ್ನೆಯನ್ನು ಹಿಡಿದೇ ಸಾಗುತ್ತವೆ.

ಮೊದಲು ಮಂಡಕ್ಕಿ ಭಟ್ಟಿ ನೋಡಿ ಬನ್ನಿ

ನಮ್ಮೂರಿನವರಾದರೆ ಇದು ಸುಲಭ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ. ಕಾದ ಮರಳಿಗೆ ಅಕ್ಕಿ ಬಿದ್ದ ಕೆಲವೇ ಕ್ಷಣಗಳಲ್ಲಿ ಕಾಳು ಪಟಪಟನೆ ಅರಳಿ ಮಂಡಕ್ಕಿಯಾಗುತ್ತದೆ. ಅಕ್ಕಿಯ ಒಳಗೆ ಸ್ವಲ್ಪ ತೇವ ಉಳಿದಿರುತ್ತದೆ. ಮರಳಿನ ಕಾವಿಗೆ ಆ ತೇವ ಆವಿಯಾಗುತ್ತದೆ. ಗಟ್ಟಿ ಕಾಳಿನೊಳಗೆ ಆವಿಗೆ ಜಾಗ ಇಲ್ಲ. ಹಾಗಾಗಿ ಒತ್ತುತ್ತದೆ, ಒತ್ತುತ್ತಲೇ ಹೋಗುತ್ತದೆ. ಕೊನೆಗೆ ಮೆತ್ತಗಾದ ಕಾಳು ಸೋತು ಉಬ್ಬಿಕೊಳ್ಳುತ್ತದೆ.

ಇಲ್ಲಿ ಎರಡು ಕೆಲಸ ಒಟ್ಟಿಗೆ ನಡೆದಿವೆ ಅನ್ನುವುದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ನೀರು ಆವಿಯಾಗುವುದು ಒಂದು, ಆವಿ ಬಿಸಿಯಾಗಿ ಹಿಗ್ಗುವುದು ಇನ್ನೊಂದು. ಮೊದಲನೆಯದು ಬಹಳ ದೊಡ್ಡ ಜಿಗಿತ. ಒಂದು ಎಂಎಲ್ ನೀರು ಕುದಿಯುವ ಬಿಸಿಯಲ್ಲಿ ಆವಿಯಾದರೆ ಒಂದೂವರೆ ಲೀಟರಿಗಿಂತ ಜಾಸ್ತಿ ಜಾಗ ಕೇಳುತ್ತದೆ. ಎರಡನೆಯದು ಅಳತೆಯ ಹೆಜ್ಜೆ. ನಾವು ಮನೆಯಲ್ಲಿ ಅಳೆಯಲು ಹೊರಟಿರುವುದು ಈ ಎರಡನೆಯದನ್ನು.

ಗಾಳಿ ಯಾಕೆ ಒತ್ತುತ್ತದೆ? ಅದರ ಕಣಗಳು ಸುಮ್ನೆ ಕೂತಿರುವುದಿಲ್ಲ. ನಾವು ಕೂತ ಕೋಣೆಯ ಗಾಳಿಯಲ್ಲೇ ಅವು ಸರಾಸರಿ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತಾ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ, ಗೋಡೆಗೂ ಬಡಿಯುತ್ತಾ ಇರುತ್ತವೆ. ಬಿಸಿ ಜಾಸ್ತಿಯಾದರೆ ವೇಗ ಜಾಸ್ತಿ. ಆಗ ಬಡಿತವೂ ಜೋರು, ಬಡಿಯುವ ಸಲವೂ ಜಾಸ್ತಿ. ಒತ್ತಡ ಅಂದ್ರೆ ಈ ಬಡಿತಗಳ ಒಟ್ಟು ಮೊತ್ತ.

ಬಾಟಲಿಯಲ್ಲಿ ಅಳೆಯುವುದು

ಬಾಟಲಿ ಬಾಯಿಗೆ ಬಲೂನು ಸಿಕ್ಕಿಸಿ ಬಿಸಿನೀರಲ್ಲಿ ಇಡುವ ಪ್ರಯೋಗ ಬಹಳ ಜನ ಮಾಡಿರುತ್ತೀರಿ. ಚಿಕ್ಕ ಮಕ್ಕಳಿಗೆ ಅದು ಚೆಂದ. ಆದರೆ ಬಲೂನು ದೊಡ್ಡದಾಗಿ ಊದಿಕೊಳ್ಳುತ್ತದೆ ಅಂತ ಆಸೆ ಹುಟ್ಟಿಸಬೇಡಿ. ಒಂದು ಲೀಟರ್ ಬಾಟಲಿಯ ಗಾಳಿ 27 ಡಿಗ್ರಿಯಿಂದ 57 ಡಿಗ್ರಿಗೆ ಹೋದರೆ ಹಿಗ್ಗುವುದು ಸುಮಾರು 100 ಎಂಎಲ್ ಮಾತ್ರ. ಜೋತುಬಿದ್ದ ಬಲೂನು ಎದ್ದು ನಿಲ್ಲುತ್ತದೆ, ಅಷ್ಟೇ. ಎಂಟನೇ ತರಗತಿ ದಾಟಿದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದೊಂದು ಇದೆ. ಅದರಲ್ಲಿ ಸಂಖ್ಯೆ ಸಿಗುತ್ತದೆ.

ಬೇಕಾದ್ದು ಇಷ್ಟು: ಕಿರಿದಾದ ಬಾಯಿಯ, ಅರ್ಧ ಲೀಟರ್ ಹಿಡಿಯುವ ಗಾಜಿನ ಬಾಟಲಿ. ಒಂದು ಆಳವಾದ ಪಾತ್ರೆ, ಒಂದು ಬಕೆಟ್. ಶಾಲೆಯ ಲ್ಯಾಬಿನಲ್ಲಿರುವಂಥ ಥರ್ಮಾಮೀಟರ್. ಸೂಜಿ ಇಲ್ಲದ 10 ಎಂಎಲ್ ಸಿರಿಂಜ್. ಜ್ವರ ನೋಡುವ ಥರ್ಮಾಮೀಟರನ್ನು ಬಿಸಿನೀರಿಗೆ ಖಂಡಿತ ಹಾಕಬೇಡಿ. ಅದರ ಅಳತೆ 42 ಡಿಗ್ರಿ ಆಸುಪಾಸಿಗೇ ಮುಗಿಯುತ್ತದೆ, ಗಾಜಿನದಾದರೆ ಒಡೆಯುತ್ತದೆ.

ಹಿಂದಿನ ದಿನವೇ ಬಾಟಲಿಗೆ ಅಂಚಿನವರೆಗೆ ನೀರು ತುಂಬಿಸಿ, ಆ ನೀರನ್ನು ಅಳೆದು ಬರೆದಿಟ್ಟುಕೊಳ್ಳಿ. ಅರ್ಧ ಲೀಟರ್ ಬಾಟಲಿ ಅಂದರೂ ಕತ್ತಿನವರೆಗಿನ ಜಾಗ ಸೇರಿ ಸ್ವಲ್ಪ ಜಾಸ್ತಿಯೇ ಬರುತ್ತದೆ. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಸರಿಯಾಗಿ 500 ಎಂಎಲ್ ಅಂದುಕೊಳ್ಳೋಣ. ಆಮೇಲೆ ಬಾಟಲಿಯನ್ನು ತಲೆಕೆಳಗೆ ಮಾಡಿ ಬಿಸಿಲಲ್ಲಿ ಒಣಗಿಸಿ. ಒಳಗೆ ಒಂದು ಹನಿಯೂ ಉಳಿಯಬಾರದು. ಈ ಮಾತನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಪ್ರಯೋಗ ಕೆಡುವುದು ಇಲ್ಲೇ. ಹನಿ ಉಳಿದರೆ ಬಿಸಿಗೆ ಅದು ಆವಿಯಾಗಿ ಬಾಟಲಿಯಿಂದ ಗಾಳಿಯನ್ನು ಹೊರಗೆ ತಳ್ಳುತ್ತದೆ. ತಣ್ಣಗಾದಾಗ ಮತ್ತೆ ನೀರಾಗಿ ಕೂತುಬಿಡುತ್ತದೆ. ಉತ್ತರ ಸಿಕ್ಕಾಪಟ್ಟೆ ಜಾಸ್ತಿ ಬರುತ್ತದೆ.

ಮರುದಿನ ಪಾತ್ರೆಯಲ್ಲಿ ಬಿಸಿನೀರು ತಯಾರು ಮಾಡಿ. ಒಂದು ಚೊಂಬು ಕುದಿಯುವ ನೀರಿಗೆ ಒಂದು ಚೊಂಬು ತಣ್ಣೀರು ಬೆರೆಸಿದರೆ 60 ಡಿಗ್ರಿ ಆಸುಪಾಸು ಬರುತ್ತದೆ. ಅದಕ್ಕಿಂತ ಬಿಸಿ ಬೇಡ, ಗಾಜು ಬಿರುಕು ಬಿಡಬಹುದು. ಬಾಯಿ ತೆರೆದ ಬಾಟಲಿಯನ್ನು ಕತ್ತಿನವರೆಗೆ ನೀರಲ್ಲಿ ಮುಳುಗಿಸಿ. ಖಾಲಿ ಬಾಟಲಿ ತೇಲಿ ಮೇಲೆ ಬರುತ್ತದೆ, ಬಟ್ಟೆ ಸುತ್ತಿದ ಕೈಯಿಂದ ಒತ್ತಿ ಹಿಡಿಯಬೇಕು. ಒಳಗೆ ನೀರು ಹಾರದಂತೆ ನೋಡಿಕೊಳ್ಳಿ. ಆರೇಳು ನಿಮಿಷ ಹಾಗೇ ಇರಲಿ. ನೀರು ಅಷ್ಟರಲ್ಲಿ ತುಸು ತಣಿದಿರುತ್ತದೆ. ಹಾಗಾಗಿ ಥರ್ಮಾಮೀಟರನ್ನು ಶುರುವಿನಲ್ಲಿ ಅಲ್ಲ, ಕೊನೆಯಲ್ಲಿ ನೋಡಿ. 57 ಡಿಗ್ರಿ ಇದೆ ಅಂತ ಇಟ್ಟುಕೊಳ್ಳಿ.

ಈಗ ಬಾಟಲಿ ಬಿಸಿನೀರಲ್ಲಿ ಇರುವಾಗಲೇ ಬಾಯಿಯನ್ನು ಬಿಗಿಯಾದ ಬೂಚಿನಿಂದಲೋ ಹೆಬ್ಬೆರಳಿನಿಂದಲೋ ಮುಚ್ಚಿ. ಹೊರಗೆ ತೆಗೆದು, ತಲೆಕೆಳಗೆ ಮಾಡಿ, ಬಕೆಟ್ಟಿನ ತಣ್ಣೀರಿನೊಳಗೆ ಬಾಯಿ ಇಳಿಸಿ. ನೀರೊಳಗೇ ಬೂಚು ತೆಗೆಯಿರಿ. ನೀರು ತಾನಾಗಿ ಬಾಟಲಿಯೊಳಗೆ ಏರುತ್ತದೆ. ಮಕ್ಕಳು ಕೂಗುವುದು ಈಗ! ಇಡೀ ಬಾಟಲಿಯನ್ನು ನೀರೊಳಗೆ ಮಲಗಿಸಿದಂತೆ ಐದು ನಿಮಿಷ ಇಡಿ, ಬಾಯಿ ಮಾತ್ರ ನೀರೊಳಗೆ ಕೆಳಮುಖವಾಗೇ ಇರಲಿ. ಬಕೆಟ್ಟಿನ ನೀರು 27 ಡಿಗ್ರಿ ಇದೆ ಅಂದುಕೊಳ್ಳಿ.

ಕೊನೆಗೆ ಬಾಟಲಿಯನ್ನು ನೆಟ್ಟಗೆ ತಲೆಕೆಳಗೆ ಹಿಡಿದು ಮೇಲೆ ಕೆಳಗೆ ಸರಿಸುತ್ತಾ, ಒಳಗಿನ ನೀರಿನ ಮಟ್ಟವೂ ಬಕೆಟ್ಟಿನ ನೀರಿನ ಮಟ್ಟವೂ ಒಂದೇ ಆಗುವಂತೆ ಮಾಡಿ. ಎರಡೂ ಸಮ ಆದರೆ ಒಳಗಿನ ಗಾಳಿಯ ಒತ್ತಡವೂ ಹೊರಗಿನದೂ ಸಮ ಅಂತ ಅರ್ಥ. ಹಾಗೇ ಬಾಯಿ ಮುಚ್ಚಿ, ಎತ್ತಿ, ಒಳಗೆ ಬಂದ ನೀರನ್ನು ಸಿರಿಂಜಿನಿಂದ ಅಳೆಯಿರಿ.

ಸುಮಾರು 45 ಎಂಎಲ್ ಬರಬೇಕು. ಅಂದ್ರೆ 500 ಎಂಎಲ್ ಬಿಸಿಗಾಳಿ 30 ಡಿಗ್ರಿ ತಣಿದಾಗ 45 ಎಂಎಲ್ ಕುಗ್ಗಿತು. ಒಂದು ಡಿಗ್ರಿಗೆ ಸುಮಾರು ಒಂದೂವರೆ ಎಂಎಲ್.

ಇಲ್ಲಿಗೆ ನಿಲ್ಲಿಸಬೇಡಿ. ಮಕ್ಕಳನ್ನು ಕೇಳಿ: ಇದೇ ಲೆಕ್ಕದಲ್ಲಿ ತಣಿಸುತ್ತಲೇ ಹೋದರೆ, 500 ಎಂಎಲ್ ಪೂರ್ತಿ ಸೊನ್ನೆ ಆಗಲು ಎಷ್ಟು ಡಿಗ್ರಿ ಇಳಿಯಬೇಕು? 500ನ್ನು ಒಂದೂವರೆಯಿಂದ ಭಾಗಿಸಿದರೆ ಸುಮಾರು 330. 57ರಿಂದ 330 ಡಿಗ್ರಿ ಕೆಳಗೆ ಇಳಿದರೆ ಸೊನ್ನೆಗಿಂತ 270 ಚಿಲ್ಲರೆ ಡಿಗ್ರಿ ಕೆಳಗೆ ಬಂದು ನಿಲ್ಲುತ್ತೀರಿ. ವಿಜ್ಞಾನಿಗಳು ಒಪ್ಪಿಕೊಂಡ ಸಂಖ್ಯೆ ಮೈನಸ್ 273.15. ಅದಕ್ಕಿಂತ ತಂಪು ಜಗತ್ತಿನಲ್ಲಿ ಎಲ್ಲೂ ಇಲ್ಲ. ನಿಜವಾದ ಗಾಳಿ ಅಲ್ಲಿಗೆ ಮುಟ್ಟುವ ಎಷ್ಟೋ ಮೊದಲೇ ದ್ರವವಾಗಿಬಿಡುತ್ತದೆ, ಆ ಮಾತು ಬೇರೆ. ಆದರೆ ದಾವಣಗೆರೆಯ ಒಂದು ಅಡುಗೆಮನೆಯಲ್ಲಿ, ಬಕೆಟ್ಟು ಬಾಟಲಿ ಹಿಡಿದು, ತಂಪಿನ ಕೊನೆಯ ಗಡಿ ಎಲ್ಲಿದೆ ಅಂತ ಲೆಕ್ಕ ಹಾಕಬಹುದು. ಪ್ರತಿ ಸಲ ಇದನ್ನು ಮಾಡಿಸುವಾಗಲೂ ನನಗೆ ಮೈ ಜುಮ್ಮೆನ್ನುತ್ತದೆ. ನಿಮಗೆ ಮೈನಸ್ 250 ಬಂದರೂ, ಮೈನಸ್ 300 ಬಂದರೂ ಬೇಸರ ಬೇಡ. ಮನೆಯ ಸಾಮಾನಿನಲ್ಲಿ ಅದು ಒಳ್ಳೆಯ ಅಳತೆಯೇ.

ಬಿಸಿಗೂ ಹಿಗ್ಗುವಿಕೆಗೂ ಇರುವ ಈ ನಂಟನ್ನು ಫ್ರಾನ್ಸಿನ ಜಾಕ್ ಚಾರ್ಲ್ಸ್ 1787ರ ಹೊತ್ತಿಗೆ ಕಂಡುಕೊಂಡಿದ್ದರು, ಆದರೆ ಅಚ್ಚು ಹಾಕಿಸಲಿಲ್ಲ. 1802ರಲ್ಲಿ ಗೇ-ಲುಸಾಕ್ ಅದನ್ನು ಪ್ರಕಟಿಸಿ ಚಾರ್ಲ್ಸ್ ಹೆಸರನ್ನೂ ಹೇಳಿದರು. ಅದಕ್ಕೇ ಪಾಠದಲ್ಲಿ ಚಾರ್ಲ್ಸ್ ನಿಯಮ ಅಂತ ಓದುತ್ತೇವೆ.

ಲೆಕ್ಕಕ್ಕೆ ಕೂರುವ ಮುನ್ನ 273 ಸೇರಿಸಿ

ಪರೀಕ್ಷೆಯಲ್ಲೂ ಅಂಕ ಹೋಗುವುದು ಇಲ್ಲೇ. 20 ಡಿಗ್ರಿಯ ಗಾಳಿ 40 ಡಿಗ್ರಿ ಆದರೆ ಎರಡು ಪಟ್ಟು ಬಿಸಿ ಆಯಿತು ಅಲ್ವಾ ಅಂತ ಅನಿಸುತ್ತದೆ. ಇಲ್ಲ. ಗಾಳಿಯ ಲೆಕ್ಕ ಶುರುವಾಗುವುದು ಆ ಮೈನಸ್ 273ರಿಂದ. ಹಾಗಾಗಿ ಸೆಲ್ಸಿಯಸ್ ಅಳತೆಗೆ 273 ಸೇರಿಸಿ ಕೆಲ್ವಿನ್ ಮಾಡಿಕೊಳ್ಳಿ. 20 ಅಂದ್ರೆ 293, 40 ಅಂದ್ರೆ 313. ಏರಿದ್ದು ಶೇಕಡಾ 7ರಷ್ಟು ಮಾತ್ರ.

ಚಿತ್ರದುರ್ಗದ ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರ ನೋಡಿದ್ದೀರಲ್ಲ, ಅಲ್ಲೂ ಇದೇ ಲೆಕ್ಕ ನಡೆಯುತ್ತದೆ. ಬಯಲಿನ ಗಾಳಿಗೆ ಜಾಗಕ್ಕೆ ಬರವಿಲ್ಲ. ಬಿಸಿಯಾದರೆ ಹಿಗ್ಗಿ ತೆಳ್ಳಗಾಗುತ್ತದೆ. ಅದೇ ವೇಗದ ಗಾಳಿ ಬೀಸಿದರೂ 20 ಡಿಗ್ರಿಯಲ್ಲಿ ಸಿಗುವ ಬಲಕ್ಕಿಂತ 40 ಡಿಗ್ರಿಯಲ್ಲಿ ಸಿಗುವ ಬಲ ಶೇಕಡಾ 6ರಷ್ಟು ಕಡಿಮೆ.

ಟೈರಿನ ಗಾಳಿ: ಬೆಳಿಗ್ಗೆಯೇ ನೋಡಿ

ಬಾಟಲಿಯಲ್ಲಿ ಗಾಳಿಗೆ ಜಾಗ ಇತ್ತು. ಟೈರಿನಲ್ಲಿ ಹೆಚ್ಚುಕಡಿಮೆ ಇಲ್ಲ. ಆದ್ದರಿಂದ ಇಲ್ಲಿ ಏರುವುದು ಒತ್ತಡ.

ಒಂದು ಮೇ ತಿಂಗಳಲ್ಲಿ ನಾನು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬೈಕಿನಲ್ಲಿ ಹೊರಟಿದ್ದೆ. ಬೆಳಿಗ್ಗೆ ಹಿಂದಿನ ಚಕ್ರಕ್ಕೆ 32 ಪಿಎಸ್‌ಐ (ಗಾಳಿ ಅಂಗಡಿಯ ಮೀಟರ್ ಒತ್ತಡವನ್ನು ತೋರಿಸುವ ಅಳತೆ) ಹಾಕಿಸಿದ್ದೆ. ಹೊರಟಿದ್ದು ಮಾತ್ರ ಮಧ್ಯಾಹ್ನ. ಭರಮಸಾಗರದಲ್ಲಿ ಚಹಾಕ್ಕೆ ನಿಂತಾಗ ಪಕ್ಕದ ಗಾಳಿ ಅಂಗಡಿಯಲ್ಲಿ ನೋಡಿಸಿದರೆ 37 ತೋರಿಸಿತು. ಬೆಳಿಗ್ಗೆ ಹಾಕಿದವರು ಜಾಸ್ತಿ ತುಂಬಿದ್ದಾರೆ ಅಂದುಕೊಂಡೆ. ಗಾಳಿ ಬಿಡಿಸಿ ಮತ್ತೆ 32ಕ್ಕೆ ತಂದೆ. ಮರುದಿನ ಬೆಳಿಗ್ಗೆ ಚಿತ್ರದುರ್ಗದಲ್ಲಿ ಬೈಕ್ ಹತ್ತಿದರೆ ಹಿಂದಿನ ಚಕ್ರ ಎಳೆದ ಹಾಗಾಗುತ್ತಿತ್ತು. ಪಂಕ್ಚರ್ ಅಂಗಡಿಯ ಅಣ್ಣ ಮೀಟರ್ ಇಟ್ಟು ನೋಡಿದರು. 27 ಇತ್ತು. ಚಕ್ರವನ್ನು ನೀರಿಗೆ ಹಾಕಿ ನೋಡಿದರೂ ಎಲ್ಲೂ ಗುಳ್ಳೆ ಬರಲಿಲ್ಲ. "ನಿನ್ನೆ ಬಿಸಿಲಲ್ಲಿ ಗಾಳಿ ಬಿಡಿಸಿದ್ರಾ ಸರ್?" ಅಂತ ಅವರೇ ಕೇಳಿದರು.

ಲೆಕ್ಕ ನೋಡಿ. ಮೀಟರ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನುವುದನ್ನು ಮಾತ್ರ. ನಮ್ಮ ಕಡೆ ಸಮುದ್ರ ಮಟ್ಟದಿಂದ 600 ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 13.7 ಪಿಎಸ್‌ಐ. ಹಾಗಾಗಿ ಮೀಟರಿನ 32 ಅಂದ್ರೆ ಒಳಗೆ ಒಟ್ಟು 45.7. ಬೆಳಗಿನ 25 ಡಿಗ್ರಿ ಅಂದ್ರೆ 298 ಕೆಲ್ವಿನ್. ಬಿಸಿಲು, ರಸ್ತೆಯ ಕಾವು, ಓಟದ ತಿಕ್ಕಾಟ ಸೇರಿ ಟೈರಿನ ಗಾಳಿ 60 ಡಿಗ್ರಿ ಮುಟ್ಟಿದರೆ 333 ಕೆಲ್ವಿನ್. 45.7ನ್ನು 333ರಿಂದ ಗುಣಿಸಿ 298ರಿಂದ ಭಾಗಿಸಿದರೆ 51 ಬರುತ್ತದೆ. ಹೊರಗಿನ 13.7 ಕಳೆದರೆ ಮೀಟರಿನಲ್ಲಿ 37. ಬೆಳಿಗ್ಗೆ ಹಾಕಿದ ಹುಡುಗನ ತಪ್ಪು ಏನೂ ಇರಲಿಲ್ಲ. ಬಿಸಿಯಲ್ಲಿ 32ಕ್ಕೆ ಇಳಿಸಿದ ಗಾಳಿ ತಣಿದರೆ ಎಷ್ಟಾಗುತ್ತದೆ ಅಂತ ಇದೇ ಲೆಕ್ಕವನ್ನು ಹಿಂದುಮುಂದು ಮಾಡಿ ನೋಡಿ. 27 ಬರುತ್ತದೆ.

ನೆನಪಿಡಲು ಒಂದು ಸಂಖ್ಯೆ ಸಾಕು: 10 ಡಿಗ್ರಿ ಏರಿದರೆ ಒಂದೂವರೆ ಪಿಎಸ್‌ಐ ಏರುತ್ತದೆ, 10 ಡಿಗ್ರಿ ಇಳಿದರೆ ಅಷ್ಟೇ ಇಳಿಯುತ್ತದೆ.

ಈಗ ಮಾಡಬೇಕಾದ್ದು. ಕಂಪನಿಯವರು ಬರೆದಿರುವ ಅಂಕಿ ತಣ್ಣಗಿನ ಟೈರಿಗೆ. ಬೈಕಿನಲ್ಲಿ ಚೈನ್ ಕವರ್ ಹತ್ತಿರದ ಸ್ಟಿಕ್ಕರಿನಲ್ಲೋ ಮಾಲೀಕರ ಪುಸ್ತಕದಲ್ಲೋ ಇರುತ್ತದೆ. ಕಾರಿನಲ್ಲಿ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಕಾಣುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಟೈರು ತಾಳುವ ಗರಿಷ್ಠ ಒತ್ತಡ, ಅಷ್ಟು ಹೊಡಿಸಬೇಡಿ. ಗಾಡಿ ರಾತ್ರಿಯಿಡೀ ನಿಂತ ಮೇಲೆ, ಬಿಸಿಲು ಏರುವ ಮೊದಲು ನೋಡಿಸಿ. ಗಾಳಿ ಅಂಗಡಿ ದೂರ ಇದ್ದರೆ ಎರಡು ಮೂರು ಕಿಲೋಮೀಟರ್ ನಿಧಾನ ಹೋದರೆ ತೊಂದರೆ ಇಲ್ಲ. ಓಡಿ ಬಿಸಿಯಾದ ಟೈರಿನಿಂದ ಮಾತ್ರ ಯಾವತ್ತೂ ಗಾಳಿ ಬಿಡಿಸಬೇಡಿ. ದಾರಿಯಲ್ಲಿ ಬಿಸಿ ಟೈರೇ ಸ್ಟಿಕ್ಕರಿನ ಅಂಕಿಗಿಂತ ಕಡಿಮೆ ತೋರಿಸಿದರೆ ನಿಜಕ್ಕೂ ಗಾಳಿ ಕಡಿಮೆ ಇದೆ ಅಂತಲೇ ಅರ್ಥ. ಆಗ ಸ್ಟಿಕ್ಕರಿಗಿಂತ ಮೂರು ನಾಲ್ಕು ಪಿಎಸ್‌ಐ ಜಾಸ್ತಿ ಹೊಡಿಸಿ, ಮರುದಿನ ಬೆಳಿಗ್ಗೆ ಸರಿ ಮಾಡಿಕೊಳ್ಳಿ. ಚಳಿಗಾಲ ಶುರುವಾದಾಗ ಒಮ್ಮೆ ತಪ್ಪದೆ ನೋಡಿಸಿ. ಬೇಸಿಗೆಯಲ್ಲಿ ಹೊಡಿಸಿದ್ದು ಡಿಸೆಂಬರ್ ಬೆಳಿಗ್ಗೆಗೆ ತಾನಾಗಿ ಎರಡು ಪಿಎಸ್‌ಐನಷ್ಟು ಇಳಿದಿರುತ್ತದೆ.

ನೈಟ್ರೋಜನ್ ಹಾಕಿಸಿದರೆ ಬಿಸಿಗೆ ಹಿಗ್ಗುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್. ಅದೂ ಇದೇ ನಿಯಮಕ್ಕೆ ತಲೆಬಾಗುತ್ತದೆ. ತೇವ ಇರುವುದಿಲ್ಲ, ಸೋರುವುದು ತುಸು ನಿಧಾನ, ಇವು ಅದರ ಲಾಭ. ಬೆಳಗಿನ ತಪಾಸಣೆ ಅದಕ್ಕೂ ಬೇಕು.

ಸಿಲಿಂಡರ್ ಲೆಕ್ಕ ಬೇರೆ

ಅಡುಗೆ ಗ್ಯಾಸನ್ನು ಟೈರಿನ ಹಾಗೆ ಲೆಕ್ಕ ಹಾಕಲು ಹೋಗಬೇಡಿ. ಸಿಲಿಂಡರಿನಲ್ಲಿ 14.2 ಕೆಜಿ ದ್ರವ ಇದೆ. ಅದರ ತಲೆಯ ಮೇಲೆ ಸ್ವಲ್ಪ ಜಾಗದಲ್ಲಿ ಆವಿ ಇದೆ. ಬಿಸಿಯಾದರೆ ಆವಿ ಒತ್ತುವುದಷ್ಟೇ ಅಲ್ಲ, ಇನ್ನಷ್ಟು ದ್ರವ ಆವಿಯಾಗಿ ಮೇಲೆ ಸೇರುತ್ತದೆ. ಹಾಗಾಗಿ ಒತ್ತಡ ಟೈರಿಗಿಂತ ಬಹಳ ಬೇಗ ಏರುತ್ತದೆ. ದ್ರವವೂ ಹಿಗ್ಗುತ್ತದೆ. ಅದಕ್ಕೇ ಸಿಲಿಂಡರನ್ನು ಪೂರ್ತಿ ತುಂಬುವುದಿಲ್ಲ, ಸುಮಾರು ಶೇಕಡಾ 15 ಜಾಗ ಖಾಲಿ ಬಿಡುತ್ತಾರೆ. ಆ ಖಾಲಿ ಜಾಗವೇ ನಮ್ಮನ್ನು ಕಾಯುವುದು.

ಹಾಗಾಗಿ ಸಿಲಿಂಡರ್ ನೆರಳಲ್ಲಿ, ಗಾಳಿಯಾಡುವಲ್ಲಿ, ನೆಟ್ಟಗೆ ನಿಂತಿರಲಿ. ಒಲೆಗಿಂತ ಕೆಳಮಟ್ಟದಲ್ಲಿರಲಿ. ಪಡುವಣ ಗೋಡೆಯ ಹೊರಗೆ ಮಧ್ಯಾಹ್ನದ ಬಿಸಿಲಿಗೆ ಬಿಡಬೇಡಿ. ಮನೆಗೆ ಬಂದಾಗ ಹಿಡಿಕೆಯ ಕೆಳಗಿನ ಪಟ್ಟಿಯಲ್ಲಿ ಬರೆದ ಅಕ್ಷರ ಓದಿಕೊಳ್ಳಿ. ಎ ಅಂದ್ರೆ ಮಾರ್ಚ್ ತನಕ, ಬಿ ಜೂನ್ ತನಕ, ಸಿ ಸೆಪ್ಟೆಂಬರ್ ತನಕ, ಡಿ ಡಿಸೆಂಬರ್ ತನಕ. ಪಕ್ಕದ ಅಂಕಿ ವರ್ಷ. ಬಿ-28 ಅಂತಿದ್ದರೆ 2028ರ ಜೂನ್ ಮುಗಿಯುವುದರೊಳಗೆ ಆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕು. ದಿನ ದಾಟಿದ್ದರೆ ವಾಪಸ್ ಕಳಿಸಿ.

ಮದುವೆ ಅಡುಗೆಯಲ್ಲಿ ಇನ್ನೊಂದು ನೋಡುತ್ತೇವೆ. ದೊಡ್ಡ ಒಲೆ ಗಂಟೆಗಟ್ಟಲೆ ಉರಿದರೆ ಸಿಲಿಂಡರ್ ಮುಟ್ಟಿದಾಗ ತಣ್ಣಗಿರುತ್ತದೆ, ಮೈಮೇಲೆ ನೀರು ಕೂರುತ್ತದೆ, ಉರಿ ಸಣ್ಣದಾಗುತ್ತದೆ. ದ್ರವ ಆವಿಯಾಗಲು ಬಿಸಿ ಬೇಕು, ಅದನ್ನು ಸಿಲಿಂಡರಿನಿಂದಲೇ ಹೀರಿಕೊಂಡಿರುತ್ತದೆ. ತಣ್ಣಗಾದರೆ ಒತ್ತಡ ಬೀಳುತ್ತದೆ. ಆಗ ಕೆಲವರು ಸಿಲಿಂಡರನ್ನು ಬಿಸಿನೀರಲ್ಲಿ ನಿಲ್ಲಿಸುತ್ತಾರೆ, ಅಡ್ಡ ಮಲಗಿಸುತ್ತಾರೆ. ದಯವಿಟ್ಟು ಬೇಡ. ಬಿಸಿ ಮಾಡಿದರೆ ಒತ್ತಡ ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗದು. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಇನ್ನೊಂದು ಸಿಲಿಂಡರ್‌ಗೆ ಬದಲಾಯಿಸಿ, ಇದು ತಾನಾಗಿ ಚೇತರಿಸಿಕೊಳ್ಳಲಿ.

ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆಯಿರಿ. ಲೈಟಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಮನೆಯಿಂದ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಸ್ಪ್ರೇ ಡಬ್ಬಿ, ಬಲೂನು, ಕುಕ್ಕರ್

ಸೊಳ್ಳೆ ಸ್ಪ್ರೇ, ಸೆಂಟಿನ ಡಬ್ಬಿಗಳ ಮೇಲೆ 50 ಡಿಗ್ರಿ ದಾಟಬಾರದು ಅಂತ ಬರೆದಿರುತ್ತದೆ. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅದನ್ನು ಸುಲಭವಾಗಿ ದಾಟುತ್ತದೆ. ಲೈಟರ್ ಕೂಡ ಹಾಗೇ. ಇಳಿಯುವಾಗ ಜೊತೆಗೇ ತೆಗೆದುಕೊಂಡು ಇಳಿಯಿರಿ. ಹುಟ್ಟುಹಬ್ಬಕ್ಕೆ ಎಸಿ ಕೋಣೆಯಲ್ಲಿ ಬಲೂನು ಊದಿ ಶಾಮಿಯಾನಕ್ಕೆ ಒಯ್ಯುವುದಾದರೆ ಬಿಗಿಯಾಗಿ ಊದಬೇಡಿ. ಹಿಗ್ಗಲು ತುಸು ಜಾಗ ಬಿಡಿ.

ಕುಕ್ಕರಿನಲ್ಲಿ ಮಾತ್ರ ನಾವು ಬೇಕು ಅಂತಲೇ ಜಾಗ ಮುಚ್ಚುತ್ತೇವೆ. ದಾವಣಗೆರೆಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ಆಮೇಲೆ ಎಷ್ಟು ಉರಿ ಹಾಕಿದರೂ ಬಿಸಿ ಏರುವುದಿಲ್ಲ. ಮುಚ್ಚಿದ ಕುಕ್ಕರಿನಲ್ಲಿ ಆವಿ ಒತ್ತಿ ಒತ್ತಿ ನೀರು ಕುದಿಯುವ ಅಳತೆಯನ್ನೇ 120 ಡಿಗ್ರಿ ಹತ್ತಿರಕ್ಕೆ ತಳ್ಳುತ್ತದೆ. ತೊಗರಿಬೇಳೆ ಬೇಗ ಬೇಯುವುದು ಅದಕ್ಕೇ. ಮೇಲಿನ ವೇಟ್ ಆವಿಯನ್ನು ಆಗಾಗ ಹೊರಗೆ ಬಿಡುತ್ತಾ ಒತ್ತಡವನ್ನು ಒಂದು ಹದದಲ್ಲಿ ಹಿಡಿದಿಡುತ್ತದೆ. ವೇಟ್ ಕೂರುವ ತೂತನ್ನು ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡಿ, ಬೇಳೆಯ ಸಿಪ್ಪೆ ಕೂತಿರುತ್ತದೆ. ಸೇಫ್ಟಿ ವಾಲ್ವ್ ಗಟ್ಟಿಯಾಗಿದ್ದರೆ ಬದಲಾಯಿಸಿ. ಒಳಗೆ ಮೂರನೇ ಒಂದು ಭಾಗ ಖಾಲಿ ಇರಲಿ. ಬೇಳೆಯಾದರೆ ಅರ್ಧವೇ ಸಾಕು, ಅದು ಉಕ್ಕುತ್ತದೆ.

ಇಳಿಸಿದ ಮೇಲೆ ಅವಸರ ಇದ್ದರೆ ಮುಚ್ಚಳದ ಅಂಚಿಗೆ ತಣ್ಣೀರು ಹಾಯಿಸಿ, ವೇಟ್ ಮೇಲೆ ನೀರು ಬೀಳದಿರಲಿ. ಆವಿ ಮತ್ತೆ ನೀರಾಗಿ ಒತ್ತಡ ತಟ್ಟನೆ ಇಳಿಯುತ್ತದೆ. ಆಮೇಲೆ ವೇಟನ್ನು ಚಮಚದ ಹಿಡಿಯಿಂದ ತುಸು ಎತ್ತಿ ನೋಡಿ. ಸುಸ್ ಅನ್ನುವ ಸದ್ದು ಪೂರ್ತಿ ನಿಂತ ಮೇಲೆ ಮುಚ್ಚಳ ತೆಗೆಯಿರಿ.